ಜಗ್ಗುವಿನ ಪಾಲಿಗೆ ಬಂದ ಬಲ ಅರ್ಧ

ಪ್ರೀತಿಯ ತಮ್ಮ ಜಗ್ಗು,

ಮಲ್ಲಾಪುರದಿಂದ ನಿನ್ನ ಅಕ್ಕ ಅಮಿತಾ ಬರೆಯುವುದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅಪ್ಪಿತಪ್ಪಿ ಎತ್ತಿದರೂ ‘ದೋಣಿ ಮೇಲಿದ್ದೆ, ಆಮೇಲೆ ಮಾಡ್ತೆ’ ಎಂದು ಇಟ್ಟುಬಿಡುತ್ತೀಯ. ನಿನ್ನ ಬೆನ್ನ ಹಿಂದೆ ಹಿತ್ತಲಿನ ಕೋಳಿ ಕೂಗುವುದು ನನಗೆ ಇಲ್ಲಿ ಕೇಳುತ್ತಿರುತ್ತದೆ. ನೀನು ಸಮುದ್ರದ ಮೇಲೆ ಕೋಳಿ ಸಾಕಿದ್ದೀಯೆಂದು ನಾನು ಯಾರಿಗೂ ಹೇಳಿಲ್ಲ, ಚಿಂತೆ ಬೇಡ. ಪತ್ರವಾದರೆ ನಡುವೆ ಕತ್ತರಿಸಲು ಬರುವುದಿಲ್ಲ. ಹರಿದು ಒಲೆಗೆ ಹಾಕಬಹುದು, ಆದರೆ ಹಾಕುವ ಮೊದಲು ಓದಿಯೇ ಓದುತ್ತೀಯ.

ಕಾಶಿಯಣ್ಣ ಹೋದ ಮೇಲೆ ನಿನ್ನ ಜೊತೆ ಒಂದು ಮಾತೂ ಆಡಲು ಆಗಲಿಲ್ಲ. ಅವನ ಕಡೆಯ ದಿನಗಳಲ್ಲಿ ಈ ಮನೆಯಲ್ಲಿ ಏನು ನಡೆಯಿತು ಎಂಬುದು ನಿನಗೆ ಗೊತ್ತಿಲ್ಲ. ನಿನ್ನ ಭಾವನಿಗೂ ಪೂರ್ತಿ ಗೊತ್ತಿಲ್ಲ. ಹೇಳದೆ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಹೇಳಿದರೆ ಉಳಿದಿರುವ ಒಬ್ಬ ತಮ್ಮನೂ ನನ್ನ ಮುಖ ನೋಡದೆ ಹೋಗಬಹುದು. ಆ ಹೆದರಿಕೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಅಪ್ಪನ ಯೆಜ್ಡಿ ಮೋಟಾರುಸೈಕಲ್ಲಿನಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ.

ಪಾಲಿನ ದಿನ ನೆನಪಿದೆಯಲ್ಲ. ಅಪ್ಪ ಸತ್ತ ವರ್ಷವೇ ಅಣ್ಣ ಬೈತಖೋಲ ಬಂದರಿಗೆ ಹೋಗಿ ಟ್ರಾಲರ್ ಸೇರಿದ್ದ. ದಡದಲ್ಲಿ ನಿಂತು ರಾಂಪಣಿ ಬಲೆ ಎಳೆದ ನಮ್ಮಪ್ಪ ಬೊಮ್ಮಯ್ಯನ ಹಿರಿಯ ಮಗ, ದಡಕ್ಕೆ ಮೀನೇ ಬರದಂತೆ ಹೊರಗೇ ಬಾಚಿಕೊಳ್ಳುವ ಬೋಟು ನಡೆಸುವ ತಾಂಡೇಲನಾದ ಎಂದು ನೀನು ಬೆಳಂಬಾರದ ಇಡೀ ಕೇರಿಯೆದುರು ಕೂಗಾಡಿದೆ. ಅವನು, ‘ದಿನಾ ಬರೀ ಮರಳು ಎಳೂಕೆ ನನ್ನಿಂದ ಆಗೂದಿಲ್ಲ’ ಎಂದ. ಇಬ್ಬರ ಮಾತಿನಲ್ಲೂ ನಿಜವಿತ್ತು, ಅದಕ್ಕೇ ಯಾರೂ ಸೋಲಲಿಲ್ಲ. ಕಡೆಗೆ ರಾಂಪಣಿಯ ಹಿರಿಯ ಕುಪ್ಪಮಾವನನ್ನು ಕರೆದು ಪಾಲು ಮಾಡಿಸಿದಿರಿ.

ಕುಪ್ಪಮಾವನಿಗೆ ಗೊತ್ತಿದ್ದ ಪಾಲು ಒಂದೇ. ರಾಂಪಣಿ ಒಬ್ಬರ ಬಲೆಯಲ್ಲ. ಮನೆಗೊಂದು ತುಂಡು ತಂದು, ಸೇರಿಸಿ ಹೊಲಿದು, ಇಡೀ ಕೇರಿಯೇ ಎಳೆಯುವ ಬಲೆ. ಹೀಗೆ ಸೇರಿದ ಕಂಪನಿ ಮುರಿದರೆ ಹೊಲಿಗೆ ಬಿಚ್ಚಿ ಅವರವರ ತುಂಡು ಅವರವರು ಹೊತ್ತುಕೊಂಡು ಹೋಗುತ್ತಾರೆ. ಅದೇ ಲೆಕ್ಕದಲ್ಲಿ ಆ ಮುದುಕ ಮನೆಯ ಸಾಮಾನು ಹಂಚಿದ. ಯೆಜ್ಡಿ ಯಾರಿಗೆ ಎಂಬ ಮಾತು ಬಂದಾಗ ನಿಮ್ಮಿಬ್ಬರಲ್ಲಿ ಒಬ್ಬನೂ ಬಿಡಲಿಲ್ಲ. ‘ಹಾಂಗಾರೆ ಬಲೆ ಬಿಚ್ಚಿದ ಹಾಂಗೇ ಬಿಚ್ಚಿ’ ಎಂದುಬಿಟ್ಟ ಮುದುಕ. ನೀವೂ ಎಂಥ ವಿಧೇಯರು, ಅಪ್ಪನ ಮಾತನ್ನೂ ಅಷ್ಟು ಬೇಗ ಕೇಳಿದವರಲ್ಲ, ಅಂಗಳದಲ್ಲಿ ಗೋಣಿ ಹಾಸಿ ಬಿಚ್ಚತೊಡಗಿದಿರಿ.

ಫ್ರೇಮು ಅಣ್ಣನಿಗೆ, ಗಾಲಿಗಳು ನಿನಗೆ. ಟ್ಯಾಂಕು ನಿನಗೆ, ಸೈಲೆನ್ಸರುಗಳು ಅವನಿಗೆ. ಎಂಜಿನ್ ಬಂದಾಗ ಎಂಜಿನ್ ಒಬ್ಬರಿಗೆ, ಗೇರ್‌ಬಾಕ್ಸು ಒಬ್ಬರಿಗೆ ಎಂದರು. ಆ ಗಾಡಿಯಲ್ಲಿ ಎರಡೂ ಒಂದೇ ಲೋಹದ ಗೂಡಿನೊಳಗಿವೆ, ಬೇರೆ ಮಾಡಲು ಬರುವುದಿಲ್ಲ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಐಟಿಐ ಫಿಟ್ಟರ್ ಕಲಿತು ಬಂದಿದ್ದ ಹುಡುಗಿಯ ಮಾತನ್ನು ಕೇಳುವವರು ಯಾರು. ನೀವು ಆ ಗೂಡನ್ನೇ ನಡುವೆ ಸೀಳಿ, ಕ್ರ್ಯಾಂಕು ಪಿಸ್ಟನ್ನಿನ ಜೊತೆ ಎಡ ಅರ್ಧ ಅವನಿಗೆ, ಗೇರುಗಳ ಜೊತೆ ಬಲ ಅರ್ಧ ನಿನಗೆ ಎಂದು ಮಾಡಿಕೊಂಡಿರಿ. ಹೆಣ್ಣುಮಗಳಿಗೆ ಪಾಲಿಲ್ಲವೆಂದು ಯಾರಿಗೂ ಬೇಡವಾದ ಟೂಲು ಚೀಲವನ್ನು ನನ್ನ ಕೈಗೆ ಕೊಟ್ಟಿರಿ. ಅಂದು ನನಗೆ ನಗು ಬಂದಿತ್ತು, ಈಗ ಬರುವುದಿಲ್ಲ.

ಬಲೆಯ ತುಂಡು ಇನ್ನೊಂದು ಬಲೆಗೆ ಸೇರುತ್ತದೆ. ಆ ಗೂಡಿನ ಅರ್ಧ ಹಾಗೆ ಸೇರುವುದಿಲ್ಲ. ಕಾರ್ಖಾನೆಯಲ್ಲಿ ಎರಡು ಅರ್ಧಗಳನ್ನೂ ಜೋಡಿಸಿಟ್ಟುಕೊಂಡೇ ಬೇರಿಂಗಿನ ತೂತುಗಳನ್ನು ಕೊರೆದಿರುತ್ತಾರೆ. ಬೇರೆ ಗಾಡಿಯ ಅರ್ಧ ತಂದು ಸೇರಿಸಿದರೆ ಕೂದಲೆಳೆಯಷ್ಟು ಓರೆಯಾಗಿ ಕ್ರ್ಯಾಂಕು ಬಿಗಿದುಕೊಳ್ಳುತ್ತದೆ. ಅಂದರೆ ಹನ್ನೊಂದು ವರ್ಷ ನಿಮ್ಮಿಬ್ಬರ ಹತ್ತಿರವೂ ಇದ್ದದ್ದು ಯಾವ ಉಪಯೋಗಕ್ಕೂ ಬಾರದ ಲೋಹ.

ಹೋಳಿ ಕಳೆದ ಮೇಲೆ ಅಣ್ಣ ಬೈತಖೋಲದ ಜೆಟ್ಟಿಯಲ್ಲಿ ಬೋಟಿನಿಂದ ಇಳಿಯುವಾಗ ಬಿದ್ದದ್ದು ನಿನಗೆ ಗೊತ್ತು. ಲಕ್ವ ಹೊಡೆದು ಬಲಭಾಗ ಸೆಳೆದುಹೋಗಿತ್ತು. ಮದುವೆಯಾಗದ ಮನುಷ್ಯ, ನೋಡುವವರಿಲ್ಲ, ನಮ್ಮ ಕ್ವಾರ್ಟರ್ಸಿಗೆ ಕರೆತಂದೆವು. ಇದನ್ನು ನಾನು ನಿನಗೆ ಫೋನಿನಲ್ಲಿ ಹೇಳಿದ್ದೆ, ನೀನು ‘ಹಾಂ’ ಎಂದಿದ್ದೆ. ಹೇಳಲು ನೀನು ಬಿಡದ ಇನ್ನೊಂದು ಸಂಗತಿಯಿತ್ತು. ಅವನ ಮಾತು ಹೋಗಿತ್ತು, ಆದರೆ ಒಂದು ಶಬ್ದ ಉಳಿದಿತ್ತು. ನೀರು ಬೇಕಾದರೂ ‘ಜಗ್ಗು’, ಹೊರಳಿಸಬೇಕಾದರೂ ‘ಜಗ್ಗು’, ನೋವಾದರೂ ‘ಜಗ್ಗು’. ನನ್ನನ್ನೂ ಹಾಗೇ ಕರೆಯುತ್ತಿದ್ದ. ಡಾಕ್ಟರು, ಇಂಥ ರೋಗಿಗಳಿಗೆ ಕೆಲವೊಮ್ಮೆ ಒಂದು ಶಬ್ದ ಮಾತ್ರ ಉಳಿಯುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಎಂದರು. ಅವರು ಬೆಳಂಬಾರದಲ್ಲಿ ನಮ್ಮ ಜೊತೆ ಬೆಳೆದವರಲ್ಲ, ಹಾಗೆ ಹೇಳಿದರು.

ಇನ್ನೊಂದು ಸಲ ಹೊಡೆತ ಬಂದರೆ ಉಳಿಯುವುದಿಲ್ಲ ಎಂದೂ ಹೇಳಿದ್ದರು. ಅಷ್ಟರೊಳಗೆ ನಿನ್ನನ್ನು ಅವನ ಮುಂದೆ ತಂದು ಕೂರಿಸಬೇಕು, ನನಗೆ ಬೇಕಾಗಿದ್ದದ್ದು ಅದಿಷ್ಟೇ. ಕರೆದರೆ ನೀನು ಬರುವವನಲ್ಲ. ಗಾಡಿ ಜೋಡಿಸುತ್ತಿದ್ದೇನೆ, ನಿನ್ನ ಅರ್ಧ ಬೇಕು ಎಂದರೆ ನೋಡಲಾದರೂ ಬಂದೀಯ ಎಂದುಕೊಂಡೆ. ಇಲ್ಲಿಯ ವಿದ್ಯುತ್ ಪ್ಲ್ಯಾಂಟಿನಲ್ಲಿ ದಿನವೂ ಪಂಪು ಬಿಚ್ಚಿ ಸೀಲು ಹಾಕುವವಳಿಗೆ ಒಂದು ಯೆಜ್ಡಿ ದೊಡ್ಡದಲ್ಲ. ಅಣ್ಣನ ಬೈತಖೋಲದ ಕೋಣೆ ಖಾಲಿ ಮಾಡುವಾಗ ಮಂಚದ ಕೆಳಗಿದ್ದ ಎಡ ಅರ್ಧವನ್ನೂ ಫ್ರೇಮನ್ನೂ ಸೈಲೆನ್ಸರುಗಳನ್ನೂ ಟೆಂಪೊದಲ್ಲಿ ಹಾಕಿಸಿಕೊಂಡು ಬಂದೆ. ಗೋಣಿ ಬಿಚ್ಚಿದರೆ, ಕ್ರ್ಯಾಂಕಿನ ಮೇಲೆ ಬೋಟಿನ ವಿಂಚಿಗೆ ಹಚ್ಚುವ ಗ್ರೀಸನ್ನು ಬೆಣ್ಣೆಯ ಹಾಗೆ ದಪ್ಪಗೆ ಮೆತ್ತಿದ್ದ. ಹಳೆಯ ಗ್ರೀಸಲ್ಲ, ಅವನು ಬೀಳುವುದಕ್ಕೆ ಸ್ವಲ್ಪ ಮೊದಲು ಹಚ್ಚಿದ್ದು.

ಮಳೆಗಾಲ ಹಿಡಿದು ಟ್ರಾಲರುಗಳು ಬಂದರಿನಲ್ಲಿ ನಿಂತ ಮೇಲೆ ಒಂದು ಭಾನುವಾರ ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಳಿದು, ರಿಕ್ಷಾ ಮಾಡಿಕೊಂಡು ನಿನ್ನ ಮನೆಗೆ ಬಂದೆ. ನೀನು ಜಗುಲಿಯಲ್ಲಿ ಬಲೆ ರಿಪೇರಿ ಮಾಡುತ್ತಿದ್ದೆ. ಅಣ್ಣ ನಿನ್ನ ಹೆಸರನ್ನೇ ಹೇಳುತ್ತಾನೆ ಎಂದು ಬಾಯಿ ತೆರೆಯುವ ಮೊದಲೇ, ‘ಅಂವನ ಸುದ್ದಿ ತೆಗೂಕೆ ಬಂದಿದ್ರೆ ಚಾ ಕುಡ್ದು ಹೋಗು’ ಎಂದೆ. ಯೆಜ್ಡಿಗೆ ನಿನ್ನ ಅರ್ಧ ಬೇಕು ಎಂದಾಗ, ‘ಒಯ್ಯಿ, ನಂಗೆ ಬ್ಯಾಡ’ ಎಂದು ಎದ್ದು ಕಡಲ ಕಡೆ ನಡೆದುಬಿಟ್ಟೆ. ಆ ಮಳೆಯಲ್ಲಿ ಕೊಡೆಯೂ ಇಲ್ಲದೆ ಏನು ನೋಡಲು ಹೋದೆಯೋ. ಮೀನಂತೂ ಇರಲಿಲ್ಲ.

ನೀನು ಹೋದರೇನು, ನಿನ್ನ ಹೆಂಡತಿ ರೂಪಾಲಿ ಅಟ್ಟದಿಂದ ಗೋಣಿ ಇಳಿಸಿಕೊಟ್ಟಳು, ಗಾಲಿ ಟ್ಯಾಂಕುಗಳನ್ನು ಆಮೇಲೆ ಟೆಂಪೊದಲ್ಲಿ ಕಳಿಸಿದಳು. ಗೇರು ತುಕ್ಕು ಹಿಡಿದು, ಗೂಡು ಬಿಳಿ ಪುಡಿ ಕಟ್ಟಿರುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಾಯಿ ಬಿಚ್ಚಿದೆ. ತಾರ್ಲಿ ಮೀನಿನ ಎಣ್ಣೆಯ ನಾತ ಮೂಗಿಗೆ ಬಡಿಯಿತು. ದೋಣಿಯ ಹಲಗೆಗೆ ಹಚ್ಚುವ ಎಣ್ಣೆ. ಗೇರು ಗೇರಿಗೂ, ಮರೆಯಲ್ಲಿದ್ದ ಸಣ್ಣ ವಾಶರಿಗೂ ಹಚ್ಚಿತ್ತು. ನಾನು ಅವಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿ, ‘ಅಕ್ಕಾ, ನಾ ಹೇಳ್ದೆ ಅಂತ ಹೇಳ್ಬೇಡಿ. ಪ್ರತಿ ವರ್ಷ ಮಳೆ ಬೀಳೂಕಿಂತ ಮೊದ್ಲು ಕೆಳಗೆ ತೆಗೀತಾರೆ, ಒರೆಸಿ ಎಣ್ಣೆ ಹಚ್ತಾರೆ, ಮತ್ತೆ ಕಟ್ಟಿ ಇಡ್ತಾರೆ. ಯಂತಕ್ಕೆ ಅಂತ ಕೇಳಿದ್ರೆ ಸಿಟ್ಟು ಮಾಡ್ತಾರೆ’ ಎಂದಳು. ಅವಳ ಮೇಲೆ ರೇಗಬೇಡ. ಗೋಣಿ ಬಿಚ್ಚಿದ ಯಾರಿಗಾದರೂ ಅದು ತಿಳಿಯುತ್ತಿತ್ತು.

ಒಬ್ಬ ಬೈತಖೋಲದಲ್ಲಿ ಕೂತು ಗ್ರೀಸು ಹಚ್ಚುವುದು, ಒಬ್ಬ ಬೆಳಂಬಾರದಲ್ಲಿ ಕೂತು ತಾರ್ಲಿ ಎಣ್ಣೆ ಹಚ್ಚುವುದು. ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಕಬ್ಬಿಣದ ಮೇಲೆ ಇದ್ದ ಈ ಕರುಣೆ ಅಣ್ಣತಮ್ಮಂದಿರಿಗೆ ಒಬ್ಬರ ಮೇಲೊಬ್ಬರಿಗೆ ಇರಲಿಲ್ಲವಲ್ಲ ಎಂದು ನನಗೆ ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು ಗೋಣಿಯ ನಾತಕ್ಕೆ ಅಳುತ್ತಿದ್ದೇನೆಂದುಕೊಂಡು ಕಿಟಕಿ ಸರಿಸಿಕೊಟ್ಟಳು.

ಮನೆಗೆ ಬಂದು ಅಣ್ಣನ ಮಂಚದ ಹತ್ತಿರ ಗೋಣಿ ಬಿಚ್ಚಿ, ‘ಮೂಸಿ ನೋಡು, ಪ್ರತಿ ವರ್ಷ ಹಚ್ತನಂತೆ’ ಎಂದೆ. ಎಡಗೈಯಿಂದ ಒಂದು ಗೇರು ಎತ್ತಿಕೊಂಡ. ಮೂಗಿನ ಹತ್ತಿರ ಹಿಡಿದ. ಬಹಳ ಹೊತ್ತು ಕೆಳಗಿಡಲಿಲ್ಲ. ಅಂದಿನಿಂದ ನಾನು ಕೆಲಸ ಮಾಡುವಾಗ ಅವನನ್ನು ಖುರ್ಚಿಯಲ್ಲಿ ಜಗುಲಿಗೆ ತಂದು ಕೂರಿಸಬೇಕು, ಇಲ್ಲದಿದ್ದರೆ ‘ಜಗ್ಗು, ಜಗ್ಗು’ ಎಂದು ಮನೆಯೆಲ್ಲ ಮೊಳಗುವಂತೆ ಕೂಗುತ್ತಿದ್ದ.

ಒಂದೊಂದೇ ಗೇರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಶಾಫ್ಟಿನ ಮೇಲಿದ್ದ ಸಾಲಿನಲ್ಲೇ ಚಾಪೆಯ ಮೇಲೆ ಇಟ್ಟೆ. ಎರಡನೆಯ ಗೇರಿನ ಬದಿಯ ಹಲ್ಲುಗಳು ಮೂಲೆ ಸವೆದು ದುಂಡಗಾಗಿದ್ದವು. ಬಿಣಗಾ ಘಟ್ಟದ ಏರಿನಲ್ಲಿ ವೇಗ ಇಳಿಯುವ ಮೊದಲೇ ಲಿವರ್ ಒದ್ದು ಎರಡಕ್ಕೆ ತರುತ್ತಿದ್ದವನು ಯಾರು ಎಂದು ನನಗೂ ಗೊತ್ತು, ಆ ಗೇರಿಗೂ ಗೊತ್ತು. ಅದನ್ನು ಹಿಡಿದು ಅಣ್ಣನಿಗೆ ತೋರಿಸಿದರೆ, ಬಾಯಿಯ ಒಂದೇ ಕಡೆಯಿಂದ ನಕ್ಕ. ಬೇರೆ ಗೇರು ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಸಿಲಿಂಡರನ್ನೂ ಅಲ್ಲಿಗೇ ಕಳಿಸಿ ಬೋರು ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ತರಿಸಿದೆ.

ಬೇರಿಂಗು ಕೂರಿಸುವ ದಿನ ನಿನ್ನ ಭಾವನಿಗೆ ಉಪವಾಸ. ಗೂಡಿನ ಅರ್ಧವನ್ನು ದೋಸೆ ಕಾವಲಿಯ ಮೇಲಿಟ್ಟು ಗ್ಯಾಸಿನ ಸಣ್ಣ ಉರಿಯಲ್ಲಿ ಕಾಯಿಸಿದೆ, ಬೇರಿಂಗುಗಳನ್ನು ಹಿಂದಿನ ದಿನವೇ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಂಗಡೆಯ ಡಬ್ಬಿಯ ಪಕ್ಕ ಇಟ್ಟಿದ್ದೆ. ಬಿಸಿಗೆ ತೂತು ಅರಳುತ್ತದೆ, ತಣುವಿಗೆ ಬೇರಿಂಗು ಕುಗ್ಗುತ್ತದೆ, ಆಗ ಸುತ್ತಿಗೆಯ ಹಂಗಿಲ್ಲದೆ ತಾನಾಗಿ ಇಳಿದು ಕೂರುತ್ತದೆ. ನೀವು ಅಂದು ಕಬ್ಬಿಣದ ಸುತ್ತಿಗೆಯಲ್ಲಿ ಬಡಿದು ಬಿಡಿಸಿದ ಗುರುತು ಎರಡೂ ಅರ್ಧಗಳ ಅಂಚಿನಲ್ಲಿತ್ತು. ಅದನ್ನು ಸಣ್ಣ ಅರದಿಂದ ಉಜ್ಜಿ ಉಜ್ಜಿ ಸಮ ಮಾಡಲು ನನಗೆ ಆಷಾಢವೆಲ್ಲ ಹಿಡಿಯಿತು. ಪೂರ್ತಿ ಹೋಗಲಿಲ್ಲ.

ಎರಡು ಅರ್ಧಗಳನ್ನು ಮುಚ್ಚುವ ದಿನ ಅಣ್ಣನ ಖುರ್ಚಿಯನ್ನು ಬೆಂಚಿಗೆ ತಾಗಿಸಿದೆ. ಕ್ರ್ಯಾಂಕು, ಗೇರಿನ ಶಾಫ್ಟುಗಳು ಎಲ್ಲ ಒಂದೇ ಸಲ ತಮ್ಮ ತಮ್ಮ ತೂತಿಗೆ ಹೋಗಬೇಕು. ನನಗೆ ಎರಡು ಕೈ ಸಾಲಲಿಲ್ಲ. ನಾನು ಹೇಳದೆಯೇ ಅವನು ಎಡಗೈಯನ್ನು ಮೇಲಿನ ಅರ್ಧದ ಮೇಲಿಟ್ಟು ಭಾರ ಬಿಟ್ಟ, ನಾನು ಮರದ ಕೊಡತಿಯಿಂದ ಸುತ್ತ ಮೆಲ್ಲಗೆ ತಟ್ಟಿದೆ. ಅದು ಇಳಿದು ಕೂತಿತು. ಬೋಲ್ಟು ಬಿಗಿದು ಕ್ರ್ಯಾಂಕು ತಿರುಗಿಸಿದರೆ ಎಲ್ಲೂ ಹಿಡಿಯದೆ ತಿರುಗಿತು. ಅವನ ಅರ್ಧ, ನಿನ್ನ ಅರ್ಧ, ಒಂದು ಕೂದಲೂ ಓರೆಯಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂಜೆಯೇ ನಿನಗೆ ಫೋನು ಮಾಡಿದೆ. ನೀನು ಎತ್ತಲಿಲ್ಲ. ರೂಪಾಲಿಯ ಫೋನಿಗೆ ಮಾಡಿ ಹೇಳಿದೆ, ಬರುವ ಭಾನುವಾರ ಸ್ಟಾರ್ಟ್ ಮಾಡುತ್ತೇನೆ, ಅವನನ್ನು ಕಳಿಸು ಎಂದು. ‘ಹೇಳ್ತೆ ಅಕ್ಕಾ’ ಎಂದಳು. ಹೇಳಿದಳು ಎಂದು ನನಗೆ ಗೊತ್ತು, ಅವಳು ಸುಳ್ಳಾಡುವವಳಲ್ಲ.

ಭಾನುವಾರ ಮಧ್ಯಾಹ್ನದವರೆಗೆ ಕಾದೆ. ನಂತರ ನನಗೂ ಹಟ ಬಂತು. ಟ್ಯಾಂಕಿಗೆ ಎಣ್ಣೆ ಬೆರೆಸಿದ ಪೆಟ್ರೋಲು ಹಾಕಿ, ಗಾಡಿಯನ್ನು ಗೇಟಿನ ಹತ್ತಿರ ದೂಡಿಕೊಂಡು ಹೋದೆ, ಹೊಗೆ ಅಣ್ಣನ ಕೋಣೆಗೆ ಹೋಗಬಾರದೆಂದು. ಅಂದು ಅವನಿಗೆ ಸುಸ್ತಿತ್ತು, ಒಳಗೆ ಮಂಚದ ಮೇಲೇ ಮಲಗಿದ್ದ. ಕಿಕ್ಕರನ್ನು ಒದ್ದೆ, ಒದ್ದೆ, ಕಾಲು ಸೋತ ಮೇಲೆ ಕೆಮ್ಮಿ ಹತ್ತಿಕೊಂಡಿತು. ಎರಡೂ ಸೈಲೆನ್ಸರಿನಿಂದ ಅದೇ ಹಳೆಯ ಸದ್ದು. ಅಕ್ಕಪಕ್ಕದ ಕ್ವಾರ್ಟರ್ಸಿನವರು ಹೊರಗೆ ಬಂದು ನಿಂತರು. ನಾನು ಗಾಡಿಯನ್ನು ನಿನ್ನ ಭಾವನ ಕೈಗೆ ಕೊಟ್ಟು ಅಣ್ಣನ ಮುಖ ನೋಡಲು ಒಳಗೆ ಓಡಿದೆ.

ಅವನು ಎಡ ಮೊಣಕೈ ಊರಿ ಅರ್ಧ ಎದ್ದು ಕೂತಿದ್ದ. ನನ್ನನ್ನು ನೋಡಲಿಲ್ಲ. ನನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದ. ‘ಜಗ್ಗು’ ಎಂದ. ಅದು ನೀರಿಗಲ್ಲ, ನೋವಿಗಲ್ಲ.

ನನಗೆ ಆಗ ಹೊಳೆಯಿತು. ಅವ್ವ ಹೋದ ಮೇಲೆ ನಮಗೆ ಅಡುಗೆ ಮಾಡಿ ಹಾಕಿದವನು ಅವನಲ್ಲವೇ. ನೀನು ಗಾಡಿ ಕಲಿತ ಮೇಲೆ ಅಪ್ಪ ಅದನ್ನು ಮುಟ್ಟಿದ್ದೇ ಕಡಿಮೆ. ದೇವಸ್ಥಾನದ ತಿರುವಿನಲ್ಲಿ ಆ ಸದ್ದು ಕೇಳಿದರೆ ಸಾಕು, ಅಣ್ಣ ‘ಜಗ್ಗು ಬಂದ’ ಎಂದು ನಿನ್ನ ಪಾಲಿನ ಮೀನನ್ನು ಕಾವಲಿಗೆ ಹಾಕುತ್ತಿದ್ದ. ಆ ಸದ್ದಿಗೆ ಅವನ ತಲೆಯಲ್ಲಿ ಇದ್ದದ್ದು ಅದೊಂದೇ ಅರ್ಥ. ಗೂಡಿನ ಅಂಚು, ಬೇರಿಂಗು, ಹಲ್ಲು ಎಲ್ಲ ನೋಡಿದವಳು ಇದನ್ನು ನೋಡಲಿಲ್ಲ. ನಾನು ಗಾಡಿ ಸ್ಟಾರ್ಟ್ ಮಾಡಿದೆ, ಅವನು ನೀನು ಬಂದೆ ಎಂದುಕೊಂಡ.

ಇಲ್ಲ ಎನ್ನಬೇಕಿತ್ತು. ಆ ಮುಖ ನೋಡಿ ನನ್ನ ಬಾಯಿಗೆ ಬರಲಿಲ್ಲ, ಜಗ್ಗು. ‘ಹೌದು, ಬಂದಾ. ಹೊರಗೆ ಕಾಲು ತೊಳೀತಾ ಇದ್ದಾ’ ಎಂದೆ. ಅವನು ಎಡಗೈಯಿಂದ ತನ್ನ ಕೂದಲು ಸರಿ ಮಾಡಿಕೊಂಡ. ಹೊದಿಕೆ ಎಳೆದು ಸೆಳೆದುಹೋದ ಕೈಯನ್ನು ಮುಚ್ಚಿಕೊಂಡ, ನಿನಗೆ ಕಾಣಬಾರದೆಂದು. ಆಮೇಲೆ ಬಾಗಿಲು ನೋಡುತ್ತ ಕೂತ.

‘ಅಂಗಡಿಗೆ ಹೋದಾ’ ಎಂದೆ. ಗಾಡಿ ನೋಡಲು ಜನ ಸೇರಿದ್ದಾರೆ, ಮಾತಾಡುತ್ತಿದ್ದಾನೆ ಎಂದೆ. ಗಂಜಿ ತಂದರೆ ಬಾಯಿ ಬಿಗಿಹಿಡಿದು ತಟ್ಟೆಯನ್ನು ಬಾಗಿಲ ಕಡೆ ದೂಡಿದ, ನೀನು ಬಂದ ಮೇಲೆ ಎಂದು. ಕತ್ತಲಾಯಿತು. ನಿನ್ನ ಭಾವ ಗಾಡಿ ಒಳಗೆ ದೂಡಿ ಗೇಟು ಹಾಕಿದ ಸದ್ದು ಕೇಳಿತು. ಅಣ್ಣ ನನ್ನ ಮುಖವನ್ನು ನೋಡಿದ. ಅವನ ಮಾತು ಹೋಗಿತ್ತು, ಬುದ್ಧಿ ಹೋಗಿರಲಿಲ್ಲ. ಗೋಡೆಯ ಕಡೆ ಹೊರಳಲು ತಾನೇ ಒದ್ದಾಡಿದ, ನಾನು ಹೊರಳಿಸಿದೆ. ಮರುದಿನದಿಂದ ನೀರಿಗೂ ಕರೆಯಲಿಲ್ಲ. ಆ ಒಂದು ಶಬ್ದವೂ ಹೋಗಿತ್ತು. ನೂಲು ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಪ್ರಾಣ ಬಿಟ್ಟ.

ಇದೇ ನನ್ನ ಎದೆಯ ಮೇಲೆ ಕೂತಿರುವುದು. ನಾನು ಸುಳ್ಳು ಹೇಳಿದೆ ಎಂದು ತಿಳಿದು ಹೋದನೋ, ನೀನು ಗೇಟಿನವರೆಗೆ ಬಂದು ಅವನ ಮುಖ ನೋಡಲು ಮನಸ್ಸಿಲ್ಲದೆ ತಿರುಗಿ ಹೋದೆ ಎಂದು ತಿಳಿದು ಹೋದನೋ, ನನಗೆ ಗೊತ್ತಿಲ್ಲ. ಎರಡನೆಯದಾಗಿದ್ದರೆ ಅದು ನಾನು ನಿನ್ನ ತಲೆಗೆ ಕಟ್ಟಿದ ಪಾಪ. ಕೇಳಿ ತಿಳಿಯೋಣವೆಂದರೆ ಅವನಲ್ಲಿ ಒಂದು ಶಬ್ದವೂ ಉಳಿದಿರಲಿಲ್ಲ.

ಆಮೇಲೆ ನೀನು ಬಂದೆ. ಸುದ್ದಿ ಮುಟ್ಟಿದ ತಕ್ಷಣ ಬಂದೆ, ಇಲ್ಲವೆನ್ನುವುದಿಲ್ಲ. ಆದರೆ ಗೇಟಿನ ಹೊರಗೇ ನಿಂತೆ. ಹೆಣ ಹೊರಗೆ ಬರುವ ತನಕ ಅಲ್ಲೇ ನಿಂತು, ಹೆಗಲು ಕೊಟ್ಟು, ಕೊಳ್ಳಿ ಇಟ್ಟು, ಮಸಣದಿಂದಲೇ ಊರಿಗೆ ಹೋದೆ. ದಿನಕರ್ಮ ಬೆಳಂಬಾರದಲ್ಲೇ ಮಾಡುತ್ತೇನೆಂದು ರೂಪಾಲಿಯ ಬಾಯಲ್ಲಿ ಹೇಳಿಸಿದೆ. ಅಂದು ನನಗೆ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಕಿಟಕಿಯಿಂದ ನಿನ್ನನ್ನು ನೋಡಿದ್ದೆ. ಎರಡು ಕೈಯಲ್ಲೂ ಗೇಟಿನ ಸರಳು ಹಿಡಿದುಕೊಂಡು, ಜಗುಲಿಯಲ್ಲಿ ನಿಂತ ಯೆಜ್ಡಿಯನ್ನು ನೋಡುತ್ತ ನೀನು ಅಳುತ್ತಿದ್ದೆ. ಅದಕ್ಕೇ ಈ ಪತ್ರ ಬರೆಯಲು ಧೈರ್ಯ ಬಂತು.

ಗಾಡಿಯನ್ನು ನಾನು ಮತ್ತೆ ಸ್ಟಾರ್ಟ್ ಮಾಡಿಲ್ಲ. ಇನ್ನು ಪಾಲಿನ ಮಾತಿಲ್ಲ, ಅವನ ಅರ್ಧವೂ ನಿನ್ನದೇ, ಒಯ್ಯಿ. ಹೊರಡುವಾಗ ಅದರ ಸದ್ದು ಕೇಳಲು ನನಗೆ ಆಗದಿದ್ದರೆ ನಾನು ಹಿತ್ತಲಿಗೆ ಹೋಗುತ್ತೇನೆ, ತಪ್ಪು ತಿಳಿಯಬೇಡ. ಇಷ್ಟನ್ನೂ ಓದಿದ ಮೇಲೆ ನನ್ನನ್ನು ಬೈಯಬೇಕೆನಿಸಿದರೆ ಬೈಯಿ, ಆದರೆ ಇಲ್ಲಿಗೆ ಬಂದು ಬೈಯಿ. ಆ ಮಂಚವನ್ನು ನಾನು ಇನ್ನೂ ಎತ್ತಿಲ್ಲ. ಒಂದು ಗಳಿಗೆ ಅದರ ಅಂಚಿನಲ್ಲಿ ಕೂತುಕೊಂಡು ಹೋಗು.

ಕಡಲು ನಿನ್ನನ್ನು ಪ್ರತಿ ಸಲವೂ ದಡಕ್ಕೆ ತಿರುಗಿ ಕಳಿಸಲಿ, ರೂಪಾಲಿಯ ಒಲೆ ಆರದಿರಲಿ. ಗೇಟಿಗೆ ಬೀಗ ಹಾಕುತ್ತಿಲ್ಲ. ಕಾಲು ತೊಳೆಯಲು ನೀರು ಇಟ್ಟಿರುತ್ತೇನೆ, ತೊಳೆದುಕೊಂಡು ಒಳಗೆ ಬಾ.

ನಿನ್ನ ದಾರಿ ಕಾಯುವ ಅಕ್ಕ,
ಅಮಿತಾ